ಹಿಂದಿನ ಸೀಟಿನ ನಕ್ಷೆ

ಮೋಟಾರ್ ಸೈಕಲ್ಲಿನಲ್ಲಿ ದೇಶದ ಗಡಿ ದಾಟುವ ದೀರ್ಘ ಪ್ರವಾಸವನ್ನು ಕುರಿತ ಬರಹಗಳು ಎಂಜಿನ್ನಿನ ಶಕ್ತಿ, ಟೈರಿನ ಹಿಡಿತ, ಪೆಟ್ರೋಲಿನ ಲೆಕ್ಕ ಇವುಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟರೂ ಹಿಂದಿನ ಸೀಟಿನಲ್ಲಿ ಕೂರುವವರಿಗೆ ಒಂದು ಅಡಿಟಿಪ್ಪಣಿಯನ್ನೂ ಕೊಡುವುದಿಲ್ಲ. ಇಬ್ಬರು ಹೊರಡುವ ಪ್ರವಾಸದಲ್ಲಿ ಎಲ್ಲಿ ತಂಗಬೇಕು, ದಿನಕ್ಕೆ ಎಷ್ಟು ದೂರ ಸಾಗಬೇಕು, ಕಡೆಗೆ ಯಾವ ದೇಶಕ್ಕೆ ಹೋಗಬೇಕು ಎಂಬುದೆಲ್ಲ ನಿರ್ಧಾರವಾಗುವುದು ಆ ಸೀಟಿನಿಂದಲೇ ಎಂಬುದಕ್ಕೆ, ಮೈಸೂರಿನ ನಿವೃತ್ತ ದಂಪತಿ ಶ್ರೀಪಾದ ರಾಯರು ಮತ್ತು ಸುಮಿತ್ರಮ್ಮನವರ ನಡುವೆ ಸಂಜೆಯ ಕಾಫಿಯ ಹೊತ್ತಿನಲ್ಲಿ ನಡೆದ ಸಂವಾದವೇ ಸಾಕಷ್ಟು ಪುರಾವೆಯಾಗಿದೆ. ವಾಹನವು ಯೆಜ್ಡಿ ರೋಡ್‌ಕಿಂಗ್. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ಒಂದೇ ಲಿವರ್ ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವ, ಎರಡು ಸೈಲೆನ್ಸರಿನ ಗಾಡಿ. ರಾಯರು ವಿದ್ಯುತ್ ಇಲಾಖೆಯಲ್ಲಿದ್ದವರು. ಸುಮಿತ್ರಮ್ಮನವರು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರಾದ್ದರಿಂದ ರಸೀದಿಯಿಲ್ಲದ ಖರ್ಚನ್ನಾಗಲಿ ಆಧಾರವಿಲ್ಲದ ಮಾತನ್ನಾಗಲಿ ಅಂಗೀಕರಿಸುವ ಅಭ್ಯಾಸವಿಲ್ಲ.

ರಾಯರು: “ನೋಡೇ, ಲಂಡನ್ನಿನವರೆಗೆ ಗಾಡಿಯಲ್ಲೇ ಹೋಗಿಬಂದವರಿದ್ದಾರೆ. ಕೊನೆಗೆ ಬರುವ ಒಂದು ತುಂಡು ಸಮುದ್ರ ಬಿಟ್ಟರೆ ಉಳಿದದ್ದೆಲ್ಲ ರಸ್ತೆಯೇ.”

ಸುಮಿತ್ರಮ್ಮ: “ರಸ್ತೆ ಇರುವುದು ಸರಿ ರೀ, ಅದರ ಮೇಲೆ ಯಾರನ್ನು ಬಿಡುತ್ತಾರೆ ಎಂಬುದನ್ನು ವಿಚಾರಿಸಿದಿರಾ?”

ರಾಯರು: “ವಾಘಾದ ಕಡೆಯಿಂದ ಆಗುವುದಿಲ್ಲ, ಒಪ್ಪಿದೆ. ಟಿಬೆಟ್ಟಿನ ಮೇಲೆ ಹೋಗಬಹುದು. ಹೊರದೇಶದ ಗಾಡಿ ಚೀನಾದೊಳಗೆ ಓಡಬೇಕಾದರೆ ಅಲ್ಲಿನ ಮಾರ್ಗದರ್ಶಿಯೊಬ್ಬ ಜೊತೆಗಿರಬೇಕು, ಅಷ್ಟೇ.”

ಸುಮಿತ್ರಮ್ಮ: “ಅವನು ಎಲ್ಲಿ ಕೂರುತ್ತಾನೆ?”

ಈ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ರಾಯರು ಮಾತನ್ನು ಕಾರ್ನೆಯ ಕಡೆಗೆ ತಿರುಗಿಸಿದರು. ಕಾರ್ನೆ ಎಂಬುದು ವಾಹನದ ಪಾಸ್‌ಪೋರ್ಟ್ ಎನ್ನಬಹುದಾದ ಸುಂಕದ ದಾಖಲೆ. ಒಂದು ದೇಶದೊಳಕ್ಕೆ ಹೋದ ಗಾಡಿಯನ್ನು ಅಲ್ಲಿಯೇ ಮಾರಿಬಿಡದೆ ಮರಳಿ ಹೊರಕ್ಕೆ ತರಲಾಗುವುದೆಂದು ದಾಖಲೆ ಕೊಟ್ಟ ವಾಹನ ಸಂಘವು ಖಾತರಿ ನೀಡುತ್ತದೆ, ಆ ಖಾತರಿಗೆ ಪ್ರತಿಯಾಗಿ ಗಾಡಿಯ ಬೆಲೆಗೆ ಅನುಗುಣವಾದ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಮಾಲೀಕನಿಂದ ಪಡೆಯುತ್ತದೆ. ಇರಾನಿನಂಥ ದೇಶಗಳಲ್ಲಿ ಇದಿಲ್ಲದೆ ಗಾಡಿ ಗಡಿ ದಾಟುವುದಿಲ್ಲ.

ಸುಮಿತ್ರಮ್ಮ: “ಹೋದ ತಿಂಗಳು ಗುಜರಿಯವನು ಹೇಳಿದ ಬೆಲೆಯನ್ನೇ ಸುಂಕದವರೂ ಒಪ್ಪುವುದಾದರೆ ಆ ಠೇವಣಿಯನ್ನು ಹಾಲಿನ ಲೆಕ್ಕದಲ್ಲೇ ತೀರಿಸಬಹುದು.”

ರಾಯರು: “ಗುಜರಿಯವನಿಗೇನು ಗೊತ್ತು? ಹಳೆಯ ಯೆಜ್ಡಿಗೆ ಈಗ ಹುಡುಕಿಕೊಂಡು ಬಂದು ಲಕ್ಷ ಕೊಡುವವರಿದ್ದಾರೆ.”

ಸುಮಿತ್ರಮ್ಮ: “ಹಾಗಾದರೆ ಠೇವಣಿ ದುಬಾರಿಯಾಯಿತು. ಲಂಡನ್ ಬೇಡ.”

ಲಂಡನ್ ಹೀಗೆ ಕಾಫಿ ಆರುವ ಮೊದಲೇ ಕೈಬಿಟ್ಟುಹೋಯಿತು. ಅದರ ಜಾಗದಲ್ಲಿ ಸುಮಿತ್ರಮ್ಮನವರು ಸೂಚಿಸಿದ್ದು ನೇಪಾಳದ ಮುಕ್ತಿನಾಥವನ್ನು. ಮನೆಯ ದೇವರ ಪೆಟ್ಟಿಗೆಯಲ್ಲಿ ಮೂರು ತಲೆಮಾರಿನಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮಗಳು, ಅಂದರೆ ಜುರಾಸಿಕ್ ಯುಗದ ಕಡಲಜೀವಿಗಳ ಸುರುಳಿಯಚ್ಚನ್ನು ಹೊತ್ತ ಕರಿಕಲ್ಲುಗಳು, ಹುಟ್ಟುವುದು ಆ ಕ್ಷೇತ್ರದ ಕೆಳಗೆ ಹರಿಯುವ ಕಾಳಿ ಗಂಡಕಿಯಲ್ಲಿ. ಇದರ ಜೊತೆಗೆ ಕಾಠ್ಮಂಡುವಿನ ಪಶುಪತಿನಾಥನಿಗೆ ಇಂದಿಗೂ ಕರ್ನಾಟಕ ಮೂಲದ ಭಟ್ಟರೇ ಪೂಜೆ ಸಲ್ಲಿಸುತ್ತಿರುವುದರಿಂದ, ಪರದೇಶದಲ್ಲಿ ಪ್ರಸಾದ ಕೇಳಲು ಹಿಂದಿಯನ್ನು ಆಶ್ರಯಿಸಬೇಕಿಲ್ಲ ಎಂಬುದು ಅವರ ಉಪವಾದವಾಗಿತ್ತು.

ರಾಯರು: “ನೇಪಾಳವೂ ಒಂದು ವಿದೇಶವೇ? ವೀಸಾ ಕೂಡ ಕೇಳುವುದಿಲ್ಲ.”

ಸುಮಿತ್ರಮ್ಮ: “ವೀಸಾ ಕೇಳದಿದ್ದರೇನು, ಗುರುತು ಕೇಳುತ್ತಾರೆ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ತೋರಿಸಬೇಕು. ನಿಮ್ಮ ಪಾಸ್‌ಪೋರ್ಟಿನ ಅವಧಿ ಮುಗಿದಿದೆ, ಚೀಟಿಯಲ್ಲಿರುವ ಫೋಟೋ ನಿಮ್ಮದು ಎಂದು ಇಲ್ಲಿನ ಮತಗಟ್ಟೆಯವರೇ ಮೂರು ಸಲ ಮುಖ ನೋಡಿ ಒಪ್ಪಿಕೊಂಡದ್ದು.”

ಫೋಟೋವಿನ ವಿಷಯದಲ್ಲಿ ರಾಯರು ವಾದ ಮಾಡಲಿಲ್ಲ. ಗಾಡಿಯ ಕಾಗದಗಳಾದರೂ ಅಚ್ಚುಕಟ್ಟಾಗಿವೆ ಎಂದು ತೋರಿಸುವ ಉತ್ಸಾಹದಲ್ಲಿ ಬೀರುವಿನಿಂದ ಪ್ಲಾಸ್ಟಿಕ್ ಕವರ್ ತಂದು, ಭನ್ಸಾರಿನ ವಿಧಾನವನ್ನು ವಿವರಿಸತೊಡಗಿದರು. ಭನ್ಸಾರ್ ಎಂದರೆ ನೇಪಾಳದ ಸುಂಕದ ಕಚೇರಿ. ಭಾರತದ ನೋಂದಣಿಯುಳ್ಳ ವಾಹನ ಆ ದೇಶದಲ್ಲಿ ಎಷ್ಟು ದಿನ ಇರುತ್ತದೆಯೋ ಅಷ್ಟು ದಿನದ ಶುಲ್ಕವನ್ನು ಗಡಿಯಲ್ಲಿಯೇ ಕಟ್ಟಿ ರಸೀದಿ ಪಡೆಯಬೇಕು, ಆ ರಸೀದಿಯನ್ನು ಹಿಂದಿರುಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಷ್ಟು ಹೇಳಿ ರಾಯರು ಬಿಚ್ಚಿದ ಆರ್‌ಸಿ ಪುಸ್ತಕದಲ್ಲಿ, ಮಡಿಕೆ ಸವೆದು ಬಿಳಿಚಿದ ಗೆರೆಯ ಮೇಲ್ಭಾಗದಲ್ಲಿ, ಮಾಲೀಕರ ಹೆಸರು ಸ್ಪಷ್ಟವಾಗಿಯೇ ಇತ್ತು. 1988ರಲ್ಲಿ ಗಾಡಿ ಕೊಂಡದ್ದು ಸುಮಿತ್ರಮ್ಮನವರು ತಮ್ಮ ಸಂಘದಿಂದ ತೆಗೆದ ಸಾಲದಲ್ಲಿ. ಸಾಲ ತೀರಿ ದಶಕಗಳೇ ಕಳೆದರೂ ಹೆಸರು ಬದಲಾಯಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಸುಮಿತ್ರಮ್ಮ: “ಬೇರೆಯವರ ಹೆಸರಿನ ಗಾಡಿ ಓಡಿಸಿಕೊಂಡು ಹೋದರೆ ಗಡಿಯಲ್ಲಿ ಮಾಲೀಕರ ಒಪ್ಪಿಗೆ ಪತ್ರ ಕೇಳುತ್ತಾರೆ, ಅಲ್ಲವೇ?”

ರಾಯರು: “ಮಾಲೀಕರು ಹಿಂದೆಯೇ ಕೂತಿರುತ್ತಾರಲ್ಲೇ!”

ಸುಮಿತ್ರಮ್ಮ: “ಕೂರಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೊದಲು ಪ್ರವಾಸದ ವಿವರಗಳೊಡನೆ ಒಂದು ಅರ್ಜಿ ಬರೆದುಕೊಡಿ, ಪರಿಶೀಲಿಸೋಣ.”

ಸಂವಾದದ ಈ ಹಂತದಲ್ಲಿ ಅಧಿಕಾರವು ಹ್ಯಾಂಡಲಿನಿಂದ ಹಿಂದಿನ ಸೀಟಿಗೆ ಕಾನೂನುಬದ್ಧವಾಗಿ ವರ್ಗಾವಣೆಯಾಯಿತು ಎನ್ನಬೇಕು. ಮುಂದಿನ ಎಲ್ಲ ವಿಷಯಗಳಲ್ಲಿ ರಾಯರ ಪಾತ್ರ ಅರ್ಜಿದಾರರದ್ದೇ ಆಗಿ ಉಳಿಯಿತು. ಆ ಸೀಟಿನ ಹಕ್ಕು ಶಾಸನದಲ್ಲಿಯೂ ಇಲ್ಲದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ ಮತ್ತು ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕೆಂದು ವಿಧಿಸಿದ್ದು, ಜನ ಸೀರೆ ಗಾರ್ಡ್ ಎನ್ನುವುದು ಈ ಮರೆಯನ್ನೇ. ರಾಯರು ಕ್ಯಾರಿಯರ್ ಹಾಕಿಸುವ ಸಲುವಾಗಿ ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆದಿದ್ದರು. ಅದು ಅಂದೇ ಕೆಳಗಿಳಿಯಿತು.

ವಿಮೆಯ ವಿಚಾರ ಹೆಚ್ಚು ಹೊತ್ತು ಹಿಡಿಯಲಿಲ್ಲ. ಭಾರತದ ವಾಹನ ವಿಮೆ ಭಾರತದೊಳಗೆ ಮಾತ್ರ ಊರ್ಜಿತವಾಗಿರುವುದರಿಂದ, ಹೆಚ್ಚಿನ ಕಂತು ಕಟ್ಟಿ ಅದರ ಭೌಗೋಳಿಕ ವ್ಯಾಪ್ತಿಯನ್ನು ನೇಪಾಳಕ್ಕೆ ವಿಸ್ತರಿಸಿಕೊಳ್ಳಬೇಕೆಂದು ಮಾಲೀಕರು ಆದೇಶಿಸಿದರು, ಅರ್ಜಿದಾರರು ಬರೆದುಕೊಂಡರು. ಜಗಳ ಹತ್ತಿದ್ದು ದೂರದ ವಿಷಯದಲ್ಲಿ.

ರಾಯರು: “ಹೈದರಾಬಾದ್, ನಾಗಪುರ, ಜಬಲ್‌ಪುರ, ವಾರಾಣಸಿ, ಗೋರಖ್‌ಪುರ. ಅಲ್ಲಿಂದ ಸುನೌಲಿ ಗಡಿ. ಎರಡು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಐನೂರರಂತೆ ಹೊಡೆದರೆ ಐದನೆಯ ದಿನ ನೇಪಾಳ.”

ಸುಮಿತ್ರಮ್ಮ: “ನಂಜನಗೂಡಿಗೆ ಹೋಗಿಬಂದರೆ ಮಾರನೆಯ ದಿನ ಸೊಂಟಕ್ಕೆ ಬಿಸಿನೀರಿನ ಚೀಲ ಕೇಳುವವರು ಯಾರು? ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿದೆ. ಗಾಡಿಯನ್ನೂ ಅದರಲ್ಲೇ ಹಾಕಿ.”

ರಾಯರು: “ಪಾರ್ಸೆಲ್ ವ್ಯಾನಿನಲ್ಲಿ ಯೆಜ್ಡಿಯೇ? ಟ್ಯಾಂಕಿನ ಪೆಟ್ರೋಲನ್ನೆಲ್ಲ ಬಸಿದು, ಗೋಣಿಚೀಲ ಸುತ್ತಿ, ಹೊಲಿದು, ಮೇಲೊಂದು ಚೀಟಿ ಅಂಟಿಸಿ... ಅದಕ್ಕೆ ಅವಮಾನವಲ್ಲವೇ?”

ಸುಮಿತ್ರಮ್ಮ: “ಮಾಲೀಕರಿಗೆ ಆಗದ ಅವಮಾನ ಓಡಿಸುವವರಿಗೆ ಯಾಕೆ?”

ಎತ್ತರದ ಸಮಸ್ಯೆಗೆ ಬಂದಾಗ ರಾಯರ ಧ್ವನಿಯಲ್ಲಿ ಮತ್ತೆ ಜೀವ ಬಂದಿತು, ಏಕೆಂದರೆ ಅದು ಅವರ ಕ್ಷೇತ್ರ. ಮುಕ್ತಿನಾಥ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಪಾಲಿಗಿಂತ ತುಸು ಕಡಿಮೆ. ಇಂದಿನ ಗಾಡಿಗಳಲ್ಲಿ ಗಾಳಿಯನ್ನು ಅಳೆದು ಪೆಟ್ರೋಲನ್ನು ಹನಿಸುವ ಇಂಜೆಕ್ಷನ್ ವ್ಯವಸ್ಥೆ ಇರುತ್ತದೆ, ಯೆಜ್ಡಿಯ ಕಾರ್ಬುರೇಟರಿಗೆ ಆ ವಿವೇಕವಿಲ್ಲದ ಕಾರಣ ಗಾಳಿ ತೆಳುವಾದರೂ ಅದು ಮೈಸೂರಿನ ಅಳತೆಯಲ್ಲೇ ಪೆಟ್ರೋಲ್ ಬಿಡುತ್ತದೆ, ಪ್ಲಗ್ ಮಸಿ ಹಿಡಿದು ಎಂಜಿನ್ ಕೆಮ್ಮತೊಡಗುತ್ತದೆ. ಮೇಲಾಗಿ ಇದು ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಓಡಿಸಬೇಕಾದ ಎಂಜಿನ್.

ರಾಯರು: “ಚಿಕ್ಕ ರಂಧ್ರದ ಮೇನ್ ಜೆಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡರೆ ಆಯಿತು, ಪೋಖರಾದಲ್ಲಿ ಬದಲಾಯಿಸಿಕೊಳ್ಳಬಹುದು. ಎಣ್ಣೆ ಅಳೆಯಲು ಲೋಟವೂ ಇದೆ.”

ಸುಮಿತ್ರಮ್ಮ: “ಯಾವ ಲೋಟ?”

ರಾಯರು: “ಒಂದು ಹಳೆಯ ಸ್ಟೀಲ್ ಲೋಟ.”

ಸುಮಿತ್ರಮ್ಮ: “ಕಳೆದ ಯುಗಾದಿಯಿಂದ ಕೆಲಸದವಳ ಮೇಲೆ ಅನುಮಾನ ಪಟ್ಟ ಲೋಟವೇ ರೀ ಅದು? ತಳದಲ್ಲಿ ಅಮ್ಮನ ಹೆಸರು ಕೆತ್ತಿದೆಯೇ?”

ರಾಯರು: “ಹೆಸರಿದ್ದರೂ ಈಗ ಓದಲಿಕ್ಕೆ ಆಗುವುದಿಲ್ಲ ಬಿಡು.”

ಲೋಟದ ಕುರಿತ ಚರ್ಚೆಯ ವಿವರಗಳು ಪ್ರಸ್ತುತ ವಿಷಯಕ್ಕೆ ಸೇರಿದವಲ್ಲ. ಅದರ ಪರಿಣಾಮವಾಗಿ ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮಿನಲ್ಲಿ ಒಂದು ರಾತ್ರಿ ತಂಗುವುದೆಂದು ರಾಯರು ಬರೆದುಕೊಂಡಿದ್ದದ್ದು ಎರಡು ರಾತ್ರಿಯಾಯಿತು ಎಂಬುದನ್ನಷ್ಟೇ ದಾಖಲಿಸಿದರೆ ಸಾಕು. ಕಾರ್ಬುರೇಟರಿನ ಜೆಟ್ಟನ್ನು ಬದಲಾಯಿಸಬಹುದು, ಬಿಪಿ ಮಾತ್ರೆ ನುಂಗುವ ಯಜಮಾನರ ಶ್ವಾಸಕೋಶಕ್ಕೆ ಬೇರೆ ಜೆಟ್ ಸಿಗುವುದಿಲ್ಲವಾದ್ದರಿಂದ ಮೈ ಎತ್ತರಕ್ಕೆ ಒಗ್ಗಲು ಸಮಯ ಕೊಡಬೇಕು ಎಂಬ ಸುಮಿತ್ರಮ್ಮನವರ ತರ್ಕದಲ್ಲಿ ವೈದ್ಯಕೀಯವಾಗಿ ಲೋಪವಿರಲಿಲ್ಲ.

ರಾಯರು: “ಸರಿ, ಆದರೆ ಒಂದು ಷರತ್ತು. ನದಿಯಲ್ಲಿ ಕಲ್ಲು ಆರಿಸುವುದಕ್ಕೆ ಮಿತಿ ಇರಬೇಕು. ನಾವಿಬ್ಬರು, ಎರಡು ಚೀಲ, ಟೂಲ್ ಕಿಟ್, ಎಣ್ಣೆ ಡಬ್ಬಿ. ಇಷ್ಟಕ್ಕೇ ಹಿಂದಿನ ಶಾಕ್ ಅಬ್ಸಾರ್ಬರ್ ಕೂತುಹೋಗುತ್ತದೆ.”

ಸುಮಿತ್ರಮ್ಮ: “ಸಾಲಿಗ್ರಾಮವನ್ನು ತೂಕ ಹಾಕಬಾರದು. ಟೂಲ್ ಕಿಟ್ಟಿನಲ್ಲಿ ಮೂರು ಸುತ್ತಿಗೆ ಯಾಕೆ ಎಂಬುದನ್ನು ಬೇಕಾದರೆ ವಿಚಾರಿಸೋಣ.”

ರಾಯರು: “ಮುಕ್ತಿನಾಥದಲ್ಲಿ 108 ಧಾರೆಗಳಿವೆಯಂತೆ. ಎಲ್ಲದರ ಕೆಳಗೂ ತಲೆಯೊಡ್ಡಬೇಕೇ?”

ಸುಮಿತ್ರಮ್ಮ: “ಎಂಟು ಬಿಡಲು ಇದೇನು ತರಕಾರಿ ಚೌಕಾಸಿಯೇ?”

ಉಳಿದದ್ದು ಹೊರಡುವ ಹೊತ್ತಿನ ಪ್ರಶ್ನೆ. ಧವಳಗಿರಿ ಮತ್ತು ಅನ್ನಪೂರ್ಣಾ ಎಂಬ ಎಂಟು ಸಾವಿರ ಮೀಟರ್ ಮೀರಿದ ಎರಡು ಪರ್ವತಗಳ ನಡುವೆ ಸೀಳಿಕೊಂಡಿರುವ ಕಾಳಿ ಗಂಡಕಿಯ ಕಣಿವೆಯಲ್ಲಿ, ಬಿಸಿಲೇರಿದಂತೆ ಮೇಲಿನ ಒಣ ಪ್ರಸ್ಥಭೂಮಿ ಕಾದು ಕೆಳಗಿನ ಗಾಳಿಯನ್ನು ತನ್ನತ್ತ ಸೆಳೆಯುವುದರಿಂದ, ಮಧ್ಯಾಹ್ನಕ್ಕೆ ಮೊದಲೇ ಧೂಳೆಬ್ಬಿಸುವ ಬಿರುಗಾಳಿ ಶುರುವಾಗುತ್ತದೆ. ಹೀಗಾಗಿ ಅಲ್ಲಿ ಸವಾರಿಯನ್ನು ಬೆಳಗಿನಲ್ಲಿಯೇ ಮುಗಿಸಿಕೊಳ್ಳುವುದು ರೂಢಿ. ಏಳಕ್ಕೆ ಎಂದು ಹೇಳಿ ಎಂಟೂವರೆಗೆ ಕಿಕ್ಕರ್ ತುಳಿಯುವ ರಾಯರ ಪದ್ಧತಿಗೆ ಈ ಗಾಳಿ ಹೊಂದುವಂಥದ್ದಲ್ಲ.

ಸುಮಿತ್ರಮ್ಮ: “ಜೋಮ್‌ಸೋಮಿನಿಂದ ಬೆಳಗ್ಗೆ ಆರಕ್ಕೆ ಸರಿಯಾಗಿ ಹೊರಡಬೇಕು. ಒಪ್ಪಿಗೆ ಪತ್ರದಲ್ಲಿ ಇದನ್ನು ಷರತ್ತಾಗಿ ಬರೆಯುತ್ತೇನೆ.”

ರಾಯರಿಗೆ ಒಂದು ಪಾರಾಗುವ ದಾರಿ ಕಂಡಿತು. ನೇಪಾಳದ ಗಡಿಯಾರವು 1986ರಿಂದ ಗ್ರೀನಿಚ್ ಕಾಲಮಾನಕ್ಕಿಂತ ಐದೂಮುಕ್ಕಾಲು ಗಂಟೆ ಮುಂದಿದ್ದು, ಭಾರತದ ಗಡಿಯಾರಕ್ಕಿಂತ ಹದಿನೈದು ನಿಮಿಷ ಮುಂಚಿತವಾಗಿ ನಡೆಯುತ್ತದೆ.

ರಾಯರು: “ಆರು ಗಂಟೆ ಎಂದರೆ ನಮ್ಮ ಆರೋ, ಅವರ ಆರೋ?”

ಸುಮಿತ್ರಮ್ಮ: “ಯಾವುದು ಮೊದಲು ಬರುತ್ತದೋ ಅದು.”