ಆರಿಂಚಿನವರ ಹಾಸಿಗೆ

ಗೊಂಬೆಮನೆಗೆ ಕುರ್ಚಿ, ಮೇಜು ಮಾಡುವುದು ಸುಲಭ. ಐಸ್‌ಕ್ರೀಂ ಕಡ್ಡಿ, ಫೆವಿಕಾಲ್ ಇದ್ದರೆ ಯಾರು ಬೇಕಾದರೂ ಬಡಗಿ. ಬೆವರಿಳಿಯುವುದು ಹಾಸಿಗೆಯ ಹತ್ತಿರ ಬಂದಾಗ. ಇಲ್ಲಿ ಲೆಕ್ಕ ಅಡಿಗೊಂದು ಇಂಚು. ಆರಡಿಯ ಆಸಾಮಿ ಆರಿಂಚು. ಮರ ಈ ಲೆಕ್ಕಕ್ಕೆ ಒಪ್ಪಿ ಕಿರಿದಾಗುತ್ತದೆ. ಬಟ್ಟೆಯದು ಹಟ: ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ದಪ್ಪ ಮೊದಲಿನಷ್ಟೇ. ಅಂಚು ಮಡಿಸಿ, ಚೆಂದವಾಗಿ ಹೊಲಿದ ಹೊದಿಕೆಯನ್ನು ಪುಟ್ಟ ಮಂಚದ ಮೇಲೆ ಹಾಸಿದಿರೋ, ಇಳಿಬೀಳದೆ ತಗಡಿನ ಶೀಟಿನಂತೆ ನಾಲ್ಕೂ ಕಡೆ ಚಾಚಿಕೊಳ್ಳುತ್ತದೆ. ಅದರಡಿ ಗೊಂಬೆ ಮಳೆಗೆ ನಿಲ್ಲಬಹುದು, ನಿದ್ದೆ ಮಾಡಲಾಗದು.

ಮದ್ದು ಇದೆ. ಒಗೆದೊಗೆದು ಸವೆದ ಮಲ್ ಪಂಚೆಯ ತುಂಡು ಬೇಕು. ಅಂಚು ಮಡಿಸಬಾರದು, ಗೋಂದು ಸವರಿದರೆ ಸಾಕು. ಮಂಚಕ್ಕೆ ಪ್ಲಾಸ್ಟಿಕ್ ಸುತ್ತಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಬಟ್ಟೆ ಹಾಸಿ, ಒಂದೊಂದು ಸುಕ್ಕನ್ನೂ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿ ರಾತ್ರಿಯಿಡೀ ಒಣಗಿಸಬೇಕು. ಆಗಲೇ ಯಾರೋ ಎದ್ದು ಹೋದಂತೆ ಕಾಣುವುದು.

"ಬೆಳಿಗ್ಗೆ ಎದ್ದು ನಿಮ್ಮ ಹೊದಿಕೆ ಮಡಚೋಕೆ ಪುರುಸೊತ್ತಿಲ್ಲ, ಇಲ್ಲಿ ಕೂತು ಸುಕ್ಕು ತಯಾರಿಸ್ತಿದೀರಿ," ಎಂಬುದು ನನ್ನಾಕೆಯ ವಿಮರ್ಶೆ. ವಿಮರ್ಶಕರಿಗೆ ಕಲಾವಿದ ಉತ್ತರಿಸಬಾರದು.

ದಿಂಬಿಗೆ ಹತ್ತಿ ತುಂಬಿದರೆ ಸೆಟೆದು ನಿಲ್ಲುತ್ತದೆ. ಗೊಂಬೆಯ ತಲೆಗೆ ತೂಕವಿಲ್ಲ, ಗುಂಡಿ ಬೀಳುವುದಾದರೂ ಹೇಗೆ? ಎಳೆಗೂಸಿಗೆ ಸಾಸಿವೆ ದಿಂಬು ಮಾಡಿದ ನಮ್ಮಜ್ಜಿಯರಿಗೆ ಇದಕ್ಕೆ ಪರಿಹಾರ ಗೊತ್ತಿತ್ತು. ಆರಿಂಚಿನವರಿಗೆ ಸಾಸಿವೆಯೂ ದಪ್ಪ, ಗಸಗಸೆಯೇ ಆಗಬೇಕು. ಈಗಿನ ದರದಲ್ಲಿ ಅದರ ಮೇಲೆ ತಲೆಯಿಡುವ ಯೋಗ ನಮ್ಮ ಮನೆಯಲ್ಲಿ ಗೊಂಬೆಗೆ ಮಾತ್ರ.

ಮಕ್ಕಳಾಟ ಎಂದು ನಗುವವರಿಗೆ ನಾನು ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್‌ನ ಹೆಸರು ಹೇಳುತ್ತೇನೆ. ಅತ್ತ ದೆಹಲಿಯಲ್ಲಿ ತಾನೇ ವಿನ್ಯಾಸ ಮಾಡಿದ ಇಂದಿನ ರಾಷ್ಟ್ರಪತಿ ಭವನ ಏಳುತ್ತಿದ್ದಾಗಲೇ ಆತ ಬ್ರಿಟನ್ನಿನ ರಾಣಿ ಮೇರಿಗಾಗಿ ಇದೇ ಲೆಕ್ಕದ ಗೊಂಬೆಮನೆ ರೂಪಿಸಿದ. 1924ರಲ್ಲಿ ಮುಗಿದ ಅದು ಈಗಲೂ ವಿಂಡ್ಸರ್ ಕೋಟೆಯಲ್ಲಿದೆ. ಅದರ ನಲ್ಲಿಗಳಲ್ಲಿ ನೀರು ಬರುವ ಏರ್ಪಾಡಿತ್ತು. ನಮ್ಮ ಬಡಾವಣೆಗೆ ಆ ಭಾಗ್ಯ ದಿನ ಬಿಟ್ಟು ದಿನ.

ನನ್ನ ಹಂಬಲ ಮಾತ್ರ ಕೌದಿ, ಅದೂ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವಂಥದ್ದು. ಅವರು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತು ಬರುತ್ತಾ ನಡುವಿಗೆ ಮುಟ್ಟುತ್ತಾರೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂ; ಹೂವಿಲ್ಲದಿದ್ದರೆ ಕೌದಿ ಬೆತ್ತಲೆಯಂತೆ. ಅವರ ಐದು ಮಿಲಿಮೀಟರಿನ ಹೊಲಿಗೆ ನನ್ನ ಮಂಚದಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ದಾರವೇ ಹಗ್ಗವಾಗುವ ಜಗತ್ತು ಅದು. ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಒಂದೇ ಎಳೆ ಬಿಡಿಸಿಕೊಳ್ಳುತ್ತೇನೆ. ಹಲವು ಪದರಗಳ ಆಸೆ ಬಿಟ್ಟು, ಒಂದೇ ಪದರದ ಮೇಲೆ ಚೂರುಗಳನ್ನು ಅಂಟಿಸಿ, ಹೊಲಿಗೆಯ ನೆಪ ಮಾಡುತ್ತೇನೆ. ಕಾಲಿಂಚಿನ ಅಚ್ಚಿನ ಹೂ ಗೊಂಬೆಗೆ ಮೂರಿಂಚಿನದಾಗಿ ಕಾಣುವುದರಿಂದ ಚುಕ್ಕಿ ಸೀರೆಯೇ ವಾಸಿ. ಮೂಲೆಯ ಹೂವನ್ನು ಚಿಮುಟದಲ್ಲಿ ಹಿಡಿದಾಗ ಯಾರೂ ಸೀನಬಾರದು, ಫ್ಯಾನೂ ತಿರುಗಬಾರದು.

ಓದುಗರಲ್ಲಿ ಒಂದು ವಿನಂತಿ: ಹಳೆಯ ಮಲ್ ಪಂಚೆಯನ್ನು ನೆಲ ಒರೆಸಲು ಹಾಕುವ ಮುನ್ನ ಒಂದು ಗೇಣು ಹರಿದು ನನಗೆ ಎತ್ತಿಡಿ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹೊದಿಕೆಯಾಗುತ್ತದೆ.