‘ಕೂತವರೇ ದೂರುತ್ತಾರೆ, ನಾನು ಯಾರಿಗೆ ಹೇಳಲಿ?’
ಸೈಕಲ್ ಸೀಟಿನೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟು. ಲಕ್ಷ ರೂಪಾಯಿ ದಾಟಿದ ಸೈಕಲ್ಲೊಂದು ಕಾರಿನ ಹಿಂದೆ ಒರಗಿದೆ. ಅದರ ಸೀಟು ಮೊದಲು ಮಾತಾಡಲು ಒಲ್ಲೆ ಎಂದಿತು. ‘ನನ್ನ ಬಗ್ಗೆ ಎಲ್ಲರೂ ಮಾತಾಡ್ತಾರೆ, ನನ್ನನ್ನು ಮಾತಾಡಿಸಿದವರು ನೀವೇ ಮೊದಲು’ ಎನ್ನುತ್ತ ಆಮೇಲೆ ಒಪ್ಪಿಕೊಂಡಿತು.

ಪ್ರಶ್ನೆ: ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಕೂರುವ ಜಾಗ ಉರಿಯುತ್ತದೆ ಅನ್ನುವುದು ನಿಮ್ಮ ಮೇಲಿನ ದೂರು. ಏನಂತೀರಿ?

ಸೀಟು: ಉರಿಯದೆ ಇನ್ನೇನಾಗುತ್ತೆ ಸ್ವಾಮಿ? ಅಂಗಡಿ ಹುಡುಗ ಯಾವ ಎತ್ತರಕ್ಕೆ ಬಿಗಿದನೋ ಇವತ್ತಿಗೂ ಅಲ್ಲೇ ಇದ್ದೇನೆ. ಸಿಗ್ನಲ್ಲಿನಲ್ಲಿ ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಅನ್ನೋದು ನಮ್ಮ ಯಜಮಾನರ ಆಸೆ. ಅದಕ್ಕೇ ನಾನು ತಗ್ಗು, ಅವರ ಮಂಡಿ ಎದೆ ಮಟ್ಟ. ಕಾಲು ಹೊರಬೇಕಾದ ಭಾರವನ್ನೂ ನಾನೇ ಹೊರಬೇಕು. ಮಂಡಿ ನೋವು ಅಂತ ಡಾಕ್ಟರ ಹತ್ತಿರ ಎಕ್ಸ್‌ರೇ ತೆಗೆಸಿಕೊಂಡು ಬಂದರು. ಸೀಟು ಒಂದಿಷ್ಟು ಎತ್ತರಿಸೋಣ ಅಂತ ಅನಿಸಲೇ ಇಲ್ಲ.

ಪ್ರಶ್ನೆ: ಹಾಗಾದರೆ ಸರಿಯಾದ ಎತ್ತರ ಯಾವುದು?

ಸೀಟು: ಗೋಡೆ ಹಿಡಿದು ನನ್ನ ಮೇಲೆ ಕೂತು, ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಎಂದಿನಂತೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸುವೇ ಬಾಗಿರುತ್ತೆ. ಅಷ್ಟು ಸಾಕು. ಒಂದೇ ಸಲ ಏರಿಸಬೇಡಿ, ಅರ್ಧರ್ಧ ಸೆಂಟಿಮೀಟರ್ ಏರಿಸಿ ಓಡಿಸಿ ನೋಡಿ. ಸೀಟಿನ ಪೈಪಿನ ಮೇಲೆ ಒಂದು ಗೆರೆ ಇರುತ್ತೆ. ಅದು ಹೊರಗೆ ಕಾಣಿಸಿತೋ, ಪೈಪು ಮುರಿಯೋ ದಿನ ದೂರವಿಲ್ಲ. ಇನ್ನು ಸಿಗ್ನಲ್ಲಿನಲ್ಲಿ ನನ್ನ ಮೇಲಿಂದ ಮುಂದಕ್ಕಿಳಿದು ನಿಲ್ಲಿ. ಕುರ್ಚಿ ಬಿಡೋದು ಎಲ್ಲರಿಗೂ ಕಷ್ಟವೇ, ಆದರೂ ಕಲೀಬೇಕು.

ಪ್ರಶ್ನೆ: ನೀವು ಕಲ್ಲಿನಂತೆ ಗಟ್ಟಿ. ಮೆತ್ತಗಿನ ಜೆಲ್ ಕವರ್ ಹಾಕಿದರೆ ಆಗದೇ?

ಸೀಟು: ಅಂಗಡಿಯಲ್ಲಿ ಹೆಬ್ಬೆಟ್ಟಿನಿಂದ ಒತ್ತಿ ನೋಡಿ ಕೊಳ್ಳೋರು ನೀವು. ಹೆಬ್ಬೆಟ್ಟಿನ ಮೇಲೆ ಯಾರಾದರೂ ಕೂರ್ತಾರೆಯೇ? ನಿಮ್ಮ ಭಾರ ಹೊರಬೇಕಾದ್ದು ಪೃಷ್ಠದ ಎರಡು ಮೂಳೆ. ಮೆತ್ತೆ ಅತಿಯಾದರೆ ಮೂಳೆ ಅದರಲ್ಲಿ ಹೂತು, ನಡುವಿನ ನಾಜೂಕು ಜಾಗಕ್ಕೆ ಒತ್ತು ಬೀಳುತ್ತೆ. ತರಕಾರಿ ತರೋಕೆ ಜೆಲ್ ಪರವಾಗಿಲ್ಲ. ನಂದಿಬೆಟ್ಟಕ್ಕೆ ಹೋಗಿ ಬರೋಕೆ ಅಗಲ ಮುಖ್ಯ. ಗಟ್ಟಿ ಸ್ಟೂಲಿನ ಮೇಲೆ ಅಲೆ ಅಲೆಯಾದ ರಟ್ಟು ಹಾಸಿ ಕೂತು, ಪಾದ ಎತ್ತಿ. ಎದ್ದ ಮೇಲೆ ಎರಡು ತಗ್ಗು ಕಾಣುತ್ತೆ. ಅವುಗಳ ನಡುವಿನ ಅಳತೆಗಿಂತ ಸೀಟು ಒಂದೆರಡು ಸೆಂಟಿಮೀಟರ್ ಅಗಲವಿರಲಿ.

ಪ್ರಶ್ನೆ: ಹಿಂದಿನ ಕರಿ ಸೈಕಲ್ಲಿನ ಸ್ಪ್ರಿಂಗ್ ಸೀಟು ಎಷ್ಟು ಸುಖವಾಗಿತ್ತು!

ಸೀಟು: ಅವರು ನಮ್ಮ ದೊಡ್ಡಪ್ಪ. ಆ ಸೈಕಲ್ಲಿನಲ್ಲಿ ನೀವು ಮೇಷ್ಟ್ರ ಹಾಗೆ ನೆಟ್ಟಗೆ ಕೂರ್ತಿದ್ದಿರಿ, ಭಾರವೆಲ್ಲ ಹಿಂದಕ್ಕೇ ಬೀಳ್ತಿತ್ತು. ಅದಕ್ಕೇ ಅವರಿಗೆ ಅಗಲವೂ ಬೇಕಿತ್ತು, ಸ್ಪ್ರಿಂಗೂ ಬೇಕಿತ್ತು. ಈಗ ಹ್ಯಾಂಡಲ್ ಮೇಲೆ ಬಗ್ಗಿ ಓಡಿಸ್ತೀರಿ, ಅದಕ್ಕೆ ನಾನು ಸಣ್ಣ. ವಂಶದ ಹಿರಿಯರಂದರೆ ಇಂಗ್ಲೆಂಡಿನ ಬ್ರೂಕ್ಸ್ ಮನೆತನ, 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದದ್ದು. ಗಟ್ಟಿ ಚರ್ಮ, ಮೆತ್ತೆಯೇ ಇಲ್ಲ. ಕೂತು ಕೂತು ಸವಾರನ ಆಕಾರಕ್ಕೆ ಒಗ್ಗುತ್ತೆ. ಒಗ್ಗೋವರೆಗೆ ಕಾಯೋ ತಾಳ್ಮೆ ಸವಾರನಿಗಿರಬೇಕು.

ಪ್ರಶ್ನೆ: ಕೈ ಜೋಮು ಹಿಡಿಯುತ್ತದಲ್ಲ, ಅದಕ್ಕಾದರೂ ನೀವು ಕಾರಣವಲ್ಲ ತಾನೆ?

ಸೀಟು: ಅದರಲ್ಲೂ ನನ್ನ ಪಾಲಿದೆ. ನೋವು ಅಂತ ನನ್ನ ಮೂತಿ ಕೆಳಕ್ಕೆ ಬಗ್ಗಿಸ್ತೀರಿ. ಜಾರಿ ಜಾರಿ ಮುಂದೆ ಬಂದು, ಭಾರವೆಲ್ಲ ಅಂಗೈ ಮೇಲೆ. ಮೊದಲು ನನ್ನನ್ನು ಸಮತಟ್ಟಾಗಿಡಿ. ಆಮೇಲೆ ಟೈರಿನ ಗಾಳಿ ನೋಡಿ. ಅದರ ಪಕ್ಕೆಯಲ್ಲಿ ಬರೆದ ಪಿಎಸ್‌ಐ ಗರಿಷ್ಠ ಮಿತಿ. ಅಷ್ಟೂ ತುಂಬಲೇಬೇಕೆಂಬ ಹರಕೆಯೇನಿಲ್ಲ. ಗಾಳಿ ತುಂಬಾ ಬಿಗಿಯಾದರೆ ಬಿಬಿಎಂಪಿ ಕಾಲದ ಗುಂಡಿಯಿಂದ ಹಿಡಿದು ಒಂದೊಂದೂ ನಿಮ್ಮ ಬೆನ್ನುಮೂಳೆಯಲ್ಲಿ ದಾಖಲಾಗುತ್ತೆ. ತೀರಾ ಕಡಿಮೆಯಾದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜೋಡಿ ತೂತು.

ಪ್ರಶ್ನೆ: ಟೈರ್ ಬದಲಿಸುವಾಗ ‘26 ಇಂಚು’ ಅಂದರೆ ಸಾಕಲ್ಲ?

ಸೀಟು: ಅಲ್ಲೇ ಮೋಸ ಹೋಗೋದು. 26 ಇಂಟು 1⅜ ಟೈರಿನ ರಿಮ್ಮು 590 ಮಿಲಿಮೀಟರ್. ಗೇರ್ ಸೈಕಲ್ಲಿನ 26 ಇಂಟು 1.95ರದ್ದು 559. ಹೆಸರು ಒಂದೇ, ಗೋತ್ರ ಬೇರೆ. ಅದೇ 29 ಇಂಚು ಮತ್ತು 700ಸಿ ನೋಡಿ: ಹೆಸರು ಬೇರೆ, ಎರಡೂ 622. ಹಳೇ ಟೈರಿನ ಪಕ್ಕೆ ಒರೆಸಿ ಆ ಮೂರಂಕಿಯ ಫೋಟೊ ತೆಗೆದುಕೊಂಡು ಹೋಗಿ. ಟ್ಯೂಬು ಕೊಳ್ಳುವಾಗ ವಾಲ್ವನ್ನೂ ನೋಡಿ. ಸಪೂರ ವಾಲ್ವಿನ ಟ್ಯೂಬು ಹಾಕಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿನ ಗಾಳಿ ನಿಮಗಲ್ಲ. ಪುಟ್ಟ ಅಡಾಪ್ಟರ್ ಜೇಬಿನಲ್ಲಿರಬೇಕು.

ಪ್ರಶ್ನೆ: ಕಷ್ಟ ಬಂದರೆ ಯಾರ ಬಳಿ ಹೋಗಬೇಕು?

ಸೀಟು: ಏಸಿ ಇದ್ದಲ್ಲೇ ಜ್ಞಾನ ಇರುತ್ತೆ ಅಂತ ಯಜಮಾನರ ನಂಬಿಕೆ. ಹೈಡ್ರಾಲಿಕ್ ಬ್ರೇಕಿಗೆ ಅಂಥ ಅಂಗಡಿ ಬೇಕೇ ಬೇಕು, ಇಲ್ಲ ಅನ್ನಲ್ಲ. ಆದರೆ ಪಂಚರ್, ಚಕ್ರದ ಬೆಂಡು, ಹಬ್ಬಿನ ಬಾಲ್ಸು, ಸಡಿಲವಾದ ಕಡ್ಡಿ, ಇವಕ್ಕೆ ಬೀದಿ ಮೂಲೆಯ ಹಳೇ ಸೈಕಲ್ ಶಾಪಿನವರು ಸಾಕು. ಕೆಲಸ ಬರುತ್ತೋ ಇಲ್ಲವೋ ನೋಡಬೇಕಾ? ಎಡಗಡೆ ಪೆಡಲ್ ಬಿಚ್ಚಲು ಹೇಳಿ. ಅದರ ಮರೆ ಉಲ್ಟಾ. ಬಲ್ಲವರು ಯೋಚಿಸದೆ ಬಲಕ್ಕೆ ತಿರುಗಿಸ್ತಾರೆ, ಬಾರದವರು ಎಡಕ್ಕೆ ತಿರುಗಿಸಿ ಪಾನಾ ಮೇಲೆ ಹತ್ತಿ ನಿಲ್ತಾರೆ. ಇನ್ನೊಂದು ಗುರುತು: ಒಳ್ಳೆಯವರು ಮಾರೋ ಮೊದಲು ಕೇಳ್ತಾರೆ, ‘ಎಲ್ಲಿ ನೋವು? ಎಷ್ಟು ದೂರ ಹೋದ ಮೇಲೆ?’ ಅಂತ. ಹಾಂ, ಸೈಕಲ್ ಇಳಿದ ಮೇಲೂ ಜೋಮು ಹೋಗದಿದ್ದರೆ ಆಗ ನಿಜವಾಗಿ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಯಜಮಾನರಿಗೆ ಏನಾದರೂ ಹೇಳುವುದಿದೆಯೇ?

ಸೀಟು: ತೂಕ ಇಳಿಸಬೇಕು ಅಂತ ನನ್ನ ಕೆಳಗಿನ ಪೈಪನ್ನೂ ಕಾರ್ಬನ್ ಮಾಡಿಸಿದರು. ಉಳಿದ ಗ್ರಾಮುಗಳನ್ನೆಲ್ಲ ನಂದಿ ಇಳಿದ ಮೇಲೆ ಮಸಾಲೆ ದೋಸೆಯಲ್ಲಿ ವಸೂಲು ಮಾಡ್ತಾರೆ. ಬ್ಯಾಗಿನಲ್ಲಿ ಎರಡು ಫೋನು, ಪವರ್ ಬ್ಯಾಂಕು, ಮೂರು ಬಣ್ಣದ ಕನ್ನಡಕ ಇದೆ. ನನ್ನನ್ನು ಎತ್ತಿ ಇಳಿಸೋ ಅಲೆನ್ ಕೀ ಒಂದಿಲ್ಲ.

ಅಷ್ಟರಲ್ಲಿ ಲಿಫ್ಟಿನಿಂದ ಯಜಮಾನರೇ ಇಳಿದು ಬಂದರು, ಕೈಯಲ್ಲಿ ಪಾರ್ಸೆಲ್ ಡಬ್ಬ. ಹೊಸ ಸೀಟು, ನಡುವೆ ತೂತಿರುವಂಥದ್ದು, ವಿದೇಶಿ ಮಾಲು.

‘ಬೇಜಾರಾಯಿತೆ?’ ಎಂದು ಕೇಳಿದೆ.

‘ಬೇಜಾರೇಕೆ? ಅದನ್ನೂ ನನ್ನ ಎತ್ತರಕ್ಕೇ ಬಿಗೀತಾರೆ. ಮುಂದಿನ ಸಂಚಿಕೆಗೆ ಅದರ ಸಂದರ್ಶನ ಇಟ್ಟುಕೊಳ್ಳಿ, ಪ್ರಶ್ನೆ ಬದಲಿಸೋ ಅಗತ್ಯ ಬೀಳಲ್ಲ’ ಎಂದಿತು ಸೀಟು.