ಮಿನಿಮಮ್ ಬ್ಯಾಲೆನ್ಸ್ ಸಾಹೇಬರ ಸನ್ನಿಧಾನಕ್ಕೆ

ಇವರಿಗೆ: ಶ್ರೀಯುತ ಮಿನಿಮಮ್ ಬ್ಯಾಲೆನ್ಸ್ ಅವರು, ಬೆಂಗಳೂರು ಮಹಾನಗರ ವಿಭಾಗ

ವಿಷಯ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ವಿದ್ಯಾರ್ಥಿಗಳ ಉಳಿತಾಯದ ಮೇಲೆ ತಮ್ಮ ಕೃಪಾದೃಷ್ಟಿ ಬಿದ್ದಿರುವ ಬಗ್ಗೆ

ಮಾನ್ಯರೇ,

ತಾವು ತೀರಿಕೊಂಡಿರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ತಮಗೆ ವಿದಾಯ ಹೇಳಿತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕೂ ಬಾಗಿಲು ತೋರಿಸಿತು. ಆದರೆ ಆಗಸ್ಟ್‌ನಲ್ಲಿ ತಾವು ಎದ್ದು ಕೂತ ವೈಭವವೇ ವೈಭವ! ಮಹಾನಗರದ ಹೊಸ ಖಾತೆಗಳಲ್ಲಿ ತಿಂಗಳ ಸರಾಸರಿ 50,000 ರೂಪಾಯಿ ಇರಬೇಕೆಂದು ಐಸಿಐಸಿಐ ಬ್ಯಾಂಕ್ ಹೇಳಿದ್ದು ಸುದ್ದಿಯಾಯಿತು. ಗದ್ದಲವೆದ್ದ ಮೇಲೆ ಅದು 15,000ಕ್ಕೆ ಇಳಿಯಿತು. ಇದು ಬ್ಯಾಂಕುಗಳಿಗೇ ಬಿಟ್ಟ ವಿಚಾರ ಎಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಕೈತೊಳೆದುಕೊಂಡರು.

ಸಂಬಳದ ಖಾತೆಗಳ ತಂಟೆಗೆ ತಾವು ಹೋಗುವುದಿಲ್ಲವಂತೆ. ಒಳ್ಳೆಯದು. ಆದರೆ ತಮ್ಮ ತಾಳ್ಮೆ ದೊಡ್ಡದು.

ವಿಜಯಪುರದ ಕಡೆಯಿಂದ ಬಂದ ಒಬ್ಬ ಡಿಪ್ಲೊಮಾ ಹುಡುಗನನ್ನೇ ಇಟ್ಟುಕೊಳ್ಳೋಣ. ಪೀಣ್ಯದ ಮೆಷಿನ್ ಶಾಪಿನಲ್ಲಿ ಆರು ತಿಂಗಳ ತರಬೇತಿ. ಸೇರಿದ ದಿನವೇ ಕ್ಯಾಂಟೀನಿನ ಪಕ್ಕ ಮೇಜು ಹಾಕಿಕೊಂಡು ಕೂತಿದ್ದ ಬ್ಯಾಂಕಿನವರು ಖಾತೆ ತೆರೆದು, ಆಧಾರ್ ಜೋಡಿಸಿ, ತೋರಿಸಿದಲ್ಲೆಲ್ಲ ಸಹಿ ಹಾಕಿಸಿಕೊಂಡರು. ತರಬೇತಿ ಮುಗಿಯಿತು, ಸ್ಟೈಪೆಂಡ್ ನಿಂತಿತು. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಸಂಬಳದ ಖಾತೆ ಸದ್ದಿಲ್ಲದೆ ಮಾಮೂಲಿ ಉಳಿತಾಯ ಖಾತೆಯಾಗುತ್ತದೆ. ಆಗ ತಾವು ಪ್ರವೇಶಿಸುತ್ತೀರಿ.

ಕೆಲಸ ಸಿಗದ ಅದೇ ಹುಡುಗನಿಗೆ ರಾಜ್ಯ ಸರ್ಕಾರ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ಯೋಜನೆ ಶುರುವಾದದ್ದು ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಇಂಥ ಆಧಾರ್ ಆಧಾರಿತ ಹಣ ಹುಡುಕಿಕೊಂಡು ಹೋಗುವುದು ಊರಿನ ಹಳೇ ಪಾಸ್‌ಬುಕ್ಕನ್ನಲ್ಲ, ಕೊನೆಗೆ ಜೋಡಣೆಯಾದ ಖಾತೆಯನ್ನು. ಅಂದರೆ ತಮ್ಮ ಮಡಿಲನ್ನೇ. ಐಸಿಐಸಿಐ ದರಪಟ್ಟಿಯನ್ನೇ ನೋಡಿದರೆ ಕೊರತೆಯ ಶೇ 6 ಅಥವಾ 500 ರೂಪಾಯಿ, ಯಾವುದು ಕಡಿಮೆಯೋ ಅದು ದಂಡ. ಅದರ ಮೇಲೆ ಶೇ 18 ಜಿಎಸ್‌ಟಿ. 500 ರೂಪಾಯಿ ದಂಡ ಬಿದ್ದರೆ ಒಟ್ಟು 590. ನಿರುದ್ಯೋಗಿಯ ಭತ್ಯೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತಮ್ಮ ನೈವೇದ್ಯ. ದಂಡದಿಂದ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿರುವುದರಿಂದ ತಾವು ಸೊನ್ನೆಯಲ್ಲಿ ನಿಲ್ಲುತ್ತೀರಿ. ಕರುಣಾಳುಗಳು!

ಈ ಹುಡುಗರಿಗೆ ತೆರಿಗೆಯ ಕಾಟವಿಲ್ಲ ಎಂಬುದಂತೂ ನಿಜ. ಓದಿಗೆಂದು ಬಂದ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಇಲ್ಲ. ಹಳೇ ಪದ್ಧತಿಯಲ್ಲಿ ಉಳಿತಾಯ ಖಾತೆಯ ಬಡ್ಡಿಗೆ 10,000 ರೂಪಾಯಿವರೆಗೆ ವಿನಾಯಿತಿಯೂ ಉಂಟು. ಶೇ 2.5ರ ಬಡ್ಡಿಯಲ್ಲಿ ಅಷ್ಟು ಗಳಿಸಲು ಖಾತೆಯಲ್ಲಿ ವರ್ಷವಿಡೀ 4 ಲಕ್ಷ ರೂಪಾಯಿ ಮಲಗಿರಬೇಕು. ಪೀಣ್ಯ ಎರಡನೇ ಹಂತದ ಪಿ.ಜಿ.ಯಲ್ಲಿ ಮೂವರ ಜೊತೆ ಕೋಣೆ ಹಂಚಿಕೊಂಡವನ ಖಾತೆಯಲ್ಲಿ! ಅವನ 2,000 ರೂಪಾಯಿಗೆ ವರ್ಷಕ್ಕೆ ಬರುವ ಬಡ್ಡಿ 50. ಇನ್ನು ವೈಟ್‌ಫೀಲ್ಡಿನ ಟೆಕ್ಕಿಯ ಹತ್ತಿರ ದುಡ್ಡಿದೆ. ಆದರೆ ಆತ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ವಿನಾಯಿತಿಯೇ ಇಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಹುಡುಗನ ಬಡ್ಡಿ ತೆರಿಗೆಮುಕ್ತ, ಅವನ ದಂಡಕ್ಕೆ ಮಾತ್ರ ತೆರಿಗೆ.

ಪಿಪಿಎಫ್ ಇದೆಯಲ್ಲ ಎನ್ನಬಹುದು. ಇದೆ, ಬಡ್ಡಿಯೂ ಪೂರ್ತಿ ತೆರಿಗೆಮುಕ್ತ, 2020ರ ಏಪ್ರಿಲ್‌ನಿಂದ ಶೇ 7.1. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೆ ಖಾತೆ ಜೀವಂತ. ತಾವು ಒಂದೇ ತಿಂಗಳಲ್ಲಿ ನುಂಗಬಲ್ಲ ಮೊತ್ತದಲ್ಲಿ ಅದು ಒಂದು ವರ್ಷ ಬದುಕುತ್ತದೆ. ತೊಡಕು ಇಷ್ಟೇ: 15 ವರ್ಷದ ಗಡುವು. ಹದಿನೆಂಟಕ್ಕೆ ಶುರುಮಾಡಿದವನಿಗೆ ಪೂರ್ತಿ ಹಣ ಕೈಗೆ ಬರುವಷ್ಟರಲ್ಲಿ ಮಗುವಿನ ಎಲ್‌ಕೆಜಿ ಫೀಸು ಕಟ್ಟುವ ವಯಸ್ಸು.

ಈ ನಾಡಿಗೆ ಬಡವರ ಉಳಿತಾಯ ಹೊಸದಲ್ಲ ಸಾಹೇಬರೇ. 1928ರಲ್ಲಿ ಟಿ.ಎಂ.ಎ. ಪೈ ಅವರ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟ್ ದಿನಕ್ಕೆ ಎರಡಾಣೆಗಾಗಿ ಮನೆಬಾಗಿಲಿಗೆ ಬರುತ್ತಿದ್ದ. ಬಂದವನು ಹಣ ಜಮಾ ಮಾಡಲು ಬರುತ್ತಿದ್ದ, ದಂಡ ವಸೂಲಿಗಲ್ಲ. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಲೀನವಾಯಿತು. ಅತ್ತ 2024ರವರೆಗಿನ ಐದು ಹಣಕಾಸು ವರ್ಷಗಳಲ್ಲಿ ಸಾರ್ವಜನಿಕ ಬ್ಯಾಂಕುಗಳು ತಮ್ಮ ಹೆಸರಿನಲ್ಲಿ ವಸೂಲು ಮಾಡಿದ್ದು ಸುಮಾರು 8,500 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು.

ತಮ್ಮಿಂದ ತಪ್ಪಿಸಿಕೊಳ್ಳಲು ಖಾತೆಗಿರುವ ಒಂದು ದಾರಿ ಮೂರ್ಛೆ ಹೋಗುವುದು. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ದಂಡ ಹಾಕುವಂತಿಲ್ಲ. 2024ರ ಏಪ್ರಿಲ್‌ನಿಂದ ಹಾಗೆಂದು ನಿಯಮ. ಸ್ಕಾಲರ್‌ಶಿಪ್‌ಗೆಂದೇ ತೆರೆದ ಸೊನ್ನೆ ಬ್ಯಾಲೆನ್ಸಿನ ಖಾತೆಯನ್ನಂತೂ ನಿಷ್ಕ್ರಿಯ ಎಂದು ಗುರುತಿಸುವಂತೆಯೂ ಇಲ್ಲ.

ಇಂತಿ,
ಖಾತೆದಾರರ ಪರವಾಗಿ

ವಿ.ಸೂ.: ಸಾಹೇಬರು ಇದನ್ನು ಓದದಿದ್ದರೂ ಸರಿ, ವಿದ್ಯಾರ್ಥಿಗಳು ಓದಲಿ. ಬೇಸಿಕ್ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಅದನ್ನು ಕೊಡುವುದು ಪ್ರತಿ ಬ್ಯಾಂಕಿನ ಕರ್ತವ್ಯ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ಪುಕ್ಕಟೆಯಾಗಿ ಹಣ ತೆಗೆಯಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ. ತರಬೇತಿ ಮುಗಿದ ವಾರವೇ ಶಾಖೆಗೆ ಹೋಗಿ, ಖಾತೆ ಬದಲಿಸಿಕೊಡಿ ಎಂದು ಅರ್ಜಿ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.